ಜೋಳದ ಕಾಳು ಇಟ್ಟು ಬಂಧ ಪಾಠ ಮಾಡಿದ್ದು

ಕುಷ್ಟಗಿ ಕಡೆಯ ಒಂದು ಹಳ್ಳಿ ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಮಾಸ್ತರ. ರಾಸಾಯನಿಕ ಬಂಧ, ಅಂದ್ರೆ ಪರಮಾಣುಗಳು ಒಂದಕ್ಕೊಂದು ಹೇಗೆ ಅಂಟಿಕೊಳ್ಳುತ್ತವೆ ಅನ್ನೋ ಪಾಠವನ್ನು ಮೊದಲೆಲ್ಲ ಬೋರ್ಡಿನ ಮೇಲೆ ಎಲೆಕ್ಟ್ರಾನ್‌ಗೊಂದು ಚುಕ್ಕಿ ಹಾಕಿ ಮುಗಿಸುತ್ತಿದ್ದೆ. ಮಕ್ಕಳು ಬರೆದುಕೊಳ್ಳುತ್ತಿದ್ದರು, ಮಾರನೇ ದಿನ ಕೇಳಿದರೆ ಆ ಚುಕ್ಕಿ ಏನು ಅಂತ ಹೇಳೋರಿಲ್ಲ.

ಈ ಸಲ ಕಾಳು ತಂದೆ, ಒಂದು ಕಾಳು ಅಂದ್ರೆ ಒಂದು ಎಲೆಕ್ಟ್ರಾನ್. ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದರೊಳಗೊಂದು ಮೂರು ಸುತ್ತು ಬರೆದು, ಸೋಡಿಯಂಗೆ 11 ಕಾಳು ಇಟ್ಟೆವು: 2, 8, ಹೊರಗೆ 1. ಕ್ಲೋರಿನ್‌ಗೆ 17: 2, 8, ಹೊರಗೆ 7. ಮೊದಲು ಒಂದಕ್ಕೆ ಜೋಳ, ಇನ್ನೊಂದಕ್ಕೆ ತೊಗರಿ ಇಟ್ಟಿದ್ದೆ. ಅದು ತಪ್ಪಾಯಿತು, ಯಾಕಂದ್ರೆ ಎರಡರ ಎಲೆಕ್ಟ್ರಾನೂ ಬೇರೆ ಬೇರೆ ಜಾತಿ ಅಂತ ಒಬ್ಬ ಹುಡುಗ ಬರೆದುಕೊಂಡ. ಎಲೆಕ್ಟ್ರಾನ್ ಎಲ್ಲಿದ್ದರೂ ಒಂದೇ. ಆಮೇಲೆ ಎರಡಕ್ಕೂ ಜೋಳ.

ಸೋಡಿಯಂನ ಹೊರಗಿನ ಕಾಳನ್ನು ಕ್ಲೋರಿನ್ ಕಡೆ ಸರಿಸಿ, ವರ್ಷಗಟ್ಟಲೆ ಹೇಳಿದ್ದನ್ನೇ ಹೇಳಿದೆ: ಒಂದು ಕೊಟ್ಟಿತು, ಇನ್ನೊಂದು ತಗೊಂಡಿತು, ಎರಡಕ್ಕೂ ಖುಷಿ. ಹಿಂದಿನ ಸಾಲಿನ ಹುಡುಗಿ ಕೇಳಿದಳು, "ಸರ್, ಇದ್ದೊಂದು ಕಾಳು ಕೊಟ್ರ ಸೋಡಿಯಂಗ ಲುಕ್ಸಾನ ಅಲ್ಲೇನ್ರಿ?"

ಆಕೆ ಹೇಳಿದ್ದು ಸರಿ. ಆ ಒಂಟಿ ಎಲೆಕ್ಟ್ರಾನನ್ನೂ ನ್ಯೂಕ್ಲಿಯಸ್ ಎಳೆದು ಹಿಡಿದಿರುತ್ತದೆ, ಕೀಳೋಕೆ ಒಂದು ಮೋಲ್‌ಗೆ (ಪರಮಾಣುಗಳ ಒಂದು ನಿಗದಿತ ಎಣಿಕೆ) ಸುಮಾರು 496 ಕಿಲೋಜೌಲ್ ಶಕ್ತಿ ಬೇಕು. ಕ್ಲೋರಿನ್‌ಗೆ ಅದು ಸೇರಿದಾಗ ಬರೋದು ಸುಮಾರು 349 ಮಾತ್ರ. ಅಲ್ಲಿಗೆ 147 ಲುಕ್ಸಾನ. ಲಾಭ ಇರೋದು ಮುಂದೆ. ಪ್ಲಸ್ ಆದ ಸೋಡಿಯಂ, ಮೈನಸ್ ಆದ ಕ್ಲೋರೈಡ್ ಒಂದನ್ನೊಂದು ಸೆಳೆದು, ಪ್ರತಿಯೊಂದರ ಸುತ್ತ ಎದುರು ಜಾತಿಯ ಆರಾರು ಕೂತು ಹರಳು ಕಟ್ಟಿದಾಗ ಸುಮಾರು 787 ಹೊರಬರುತ್ತದೆ. ಬಂಧ ಅಂದ್ರೆ ಆ ಸೆಳೆತ. 'ಖುಷಿ' ಅನ್ನೋ ಮಾತನ್ನು ಅವತ್ತೇ ಬಿಟ್ಟೆ.

ಕ್ಲೋರಿನ್ ಅನಿಲದಲ್ಲಿ ಎರಡು ಕ್ಲೋರಿನ್‌ಗಳೇ ಜೊತೆಯಾಗಿರುತ್ತವೆ. ಎರಡೂ ಕಡೆ ಹೊರಗೆ 7, ಕೊಡೋರೇ ಇಲ್ಲ. ಎರಡರ ಹೊರಸುತ್ತು ಒಂದರ ಮೇಲೊಂದು ಬರುವಂತೆ ಬರೆದು, ನಡುವೆ ತಲಾ ಒಂದು ಕಾಳು ಇಡಿಸಿದೆ. ಆ ಜೋಡಿಯನ್ನು ಎರಡೂ ನ್ಯೂಕ್ಲಿಯಸ್ ಎಳೆಯುತ್ತವೆ. ಎಣಿಸಿದರೆ ಇಬ್ಬರಿಗೂ 8. ಹೀಗೆ ಜೋಡಿ ಹಂಚಿಕೊಳ್ಳುತ್ತವೆ ಅಂತ 1916ರಲ್ಲಿ ಗಿಲ್ಬರ್ಟ್ ಲೂಯಿಸ್ ಹೇಳಿದರು.

ಮಾರನೇ ದಿನ 9 ವೋಲ್ಟ್ ಬ್ಯಾಟರಿ, ರೆಸಿಸ್ಟರ್ ಹಾಕಿದ ಎಲ್‌ಇಡಿ, ಎರಡು ಪೆನ್ಸಿಲ್ ಕಡ್ಡಿ ತಗೊಂಡು ಕೂತೆವು. ಉಪ್ಪು ಕರಗಿದರೆ ಅದರ ಪ್ಲಸ್, ಮೈನಸ್ ಕಣಗಳು (ಅಯಾನ್) ಬಿಡಿಯಾಗಿ ಓಡಾಡಿ ಕರೆಂಟ್ ಒಯ್ಯುತ್ತವೆ. ಹಾಗಾಗಿ ಉಪ್ಪಿನ ನೀರಲ್ಲಿ ಉರಿಯಬೇಕು, ಸಕ್ಕರೆ ನೀರಲ್ಲಿ ಉರಿಯಬಾರದು, ಯಾಕಂದ್ರೆ ಸಕ್ಕರೆ ಕರಗಿದರೂ ಅಣು ಅಣುವಾಗಿಯೇ ಇರುತ್ತದೆ, ಅಯಾನ್ ಆಗೋದಿಲ್ಲ. ಆದರೆ ಸಕ್ಕರೆ ನೀರಲ್ಲೂ ಮಂಕಾಗಿ ಉರಿಯಿತು! ತಲೆಕೆಡಿಸಿಕೊಂಡು ಸುಮ್ನೆ ಬೋರಿನ ನೀರಿಗೆ ಕಡ್ಡಿ ಅದ್ದಿದೆ. ಅಲ್ಲೂ ಉರಿಯಿತು. ಆಟೋ ಅಂಗಡಿಯಿಂದ ಬ್ಯಾಟರಿ ನೀರು (ಬ್ಯಾಟರಿಗೆ ಹಾಕುವ ಶುದ್ಧ ನೀರು, ಆಸಿಡ್ ಅಲ್ಲ) ತರಿಸಿ ಅದರಲ್ಲಿ ಸಕ್ಕರೆ ಕಲಸಿದಾಗ ಎಲ್‌ಇಡಿ ಉರಿಯಲಿಲ್ಲ.

"ಹಂಗಾದ್ರ ನಮ್ಮ ಬೋರಿನ ನೀರಾಗ ಏನೈತ್ರಿ ಸರ್?" ಅಂತ ಶುರು ಮಾಡಿದರು. ಬಿಸಿನೀರಿನ ಕೊಡದ ತಳದಲ್ಲಿ ಬಿಳಿ ಕಟ್ಟುತ್ತದಲ್ಲ, ಅದರಲ್ಲಿ ಜಾಸ್ತಿ ಇರೋದು ಕ್ಯಾಲ್ಸಿಯಂ ಅಂದೆ. ನಾನು ಇನ್ನೂ ಮಾತಾಡುತ್ತಿರುವಾಗಲೇ ಆ ಹುಡುಗಿ ಹೊಸದಾಗಿ ನಾಲ್ಕು ಸುತ್ತು ಬರೆದು 20 ಕಾಳು ಎಣಿಸುತ್ತಿದ್ದಳು: 2, 8, 8, ಹೊರಗೆ 2.