ಅಜ್ಜನ ಕೋವಿ ಮನೆಯಲ್ಲಿ ಉಳಿದಾಗ

ಮಲೆನಾಡಿನಲ್ಲಿ ಬೆಳೆ ರಕ್ಷಣೆಯ ಲೈಸೆನ್ಸಿನ ಮೇಲೆ ಇಟ್ಟುಕೊಂಡ ಕೋವಿ, ಯಜಮಾನರು ತೀರಿಕೊಂಡ ಮೇಲೂ ಜಗಲಿಯ ಗೂಟದಲ್ಲೇ ತೂಗುತ್ತಿರುವುದುಂಟು. ಲೈಸೆನ್ಸ್ ವ್ಯಕ್ತಿಯ ಹೆಸರಿಗೆ ಇರುವುದರಿಂದ, ಗದ್ದೆ ತೋಟಗಳಂತೆ ಅದು ತಾನಾಗಿ ಮೊಮ್ಮಕ್ಕಳಿಗೆ ಇಳಿದು ಬರುವುದಿಲ್ಲ.

ಮೊದಲ ಕೆಲಸ, ಒಳಗೆ ಈಡು, ಅಂದರೆ ಹೊಡೆಯಲು ತುಂಬಿಟ್ಟ ಮದ್ದುಗುಂಡು, ಇದೆಯೇ ಎಂದು ತಿಳಿಯುವುದು. ಕೋವಿಯ ಪರಿಚಯವಿಲ್ಲದವರು ಅದನ್ನು ಮುಟ್ಟದೆ, ತಿಳಿದವರನ್ನೇ ಕರೆಸಬೇಕು. ತೋಟಾ (ಕಾರ್ಟ್ರಿಜ್) ಹಾಕುವ ಕೋವಿಯಾದರೆ ನಳಿಗೆಯನ್ನು ಮಡಚಿ ನೋಡಿದರಾಯಿತು. ಬಾಯಿಯಿಂದ ಮದ್ದು ತುಂಬಿ, ಕೇಪು ಎಂಬ ಕಿಡಿ ಹಾರಿಸುವ ಪುಟ್ಟ ಲೋಹದ ಟೋಪಿಯಿಂದ ಸಿಡಿಸುವ ಕೇಪಿನ ಕೋವಿಯಲ್ಲಿ ಹೊರಗಿನಿಂದ ಏನೂ ಕಾಣುವುದಿಲ್ಲ. ಬಾಯಿಯನ್ನು ಜನರಿಲ್ಲದ ಕಡೆಗೆ ತಿರುಗಿಸಿ, ಕೇಪು ಇದ್ದರೆ ಅದನ್ನು ತೆಗೆದು, ಮರದ ಕಡ್ಡಿಯೊಂದನ್ನು ನಳಿಗೆಯೊಳಗೆ ಮೆಲ್ಲಗೆ ಇಳಿಸಿ ಬಾಯಿಯ ಮಟ್ಟಕ್ಕೆ ಗುರುತು ಹಾಕಬೇಕು. ಅದೇ ಕಡ್ಡಿಯನ್ನು ಹೊರಗಿನಿಂದ ನಳಿಗೆಗೆ ಹಿಡಿದಾಗ ತುದಿಯು ಕೇಪು ಕೂರಿಸುವ ಜಾಗಕ್ಕಿಂತ ನಾಲ್ಕಾರು ಬೆರಳು ಮುಂಚೆಯೇ ನಿಂತರೆ ಒಳಗೆ ಮಸಿ (ಕೋವಿಮದ್ದು), ಚರೆ (ಸೀಸದ ಸಣ್ಣ ಗುಂಡು) ಉಳಿದಿದೆ ಎಂದು ತಿಳಿಯಬೇಕು. ಆಗ ಅದನ್ನು ಕೆದಕುವುದಾಗಲಿ, ಹೊಡೆದು ಖಾಲಿ ಮಾಡುವುದಾಗಲಿ ಸಲ್ಲದು, ಠಾಣೆಗೆ ತಿಳಿಸಬೇಕು. ನಮ್ಮಜ್ಜ ಮಳೆಗಾಲದಲ್ಲಿ ಮಸಿಯ ಡಬ್ಬಿಯನ್ನು ಒಲೆಯ ಮೇಲಿನ ಅಟ್ಟದಲ್ಲಿ ಬೆಚ್ಚಗೆ ಇಡುತ್ತಿದ್ದರು. ಹಿರಿಯರ ಎಲ್ಲ ಪದ್ಧತಿಗಳನ್ನೂ ಉಳಿಸಿಕೊಳ್ಳಬೇಕಾದ್ದಿಲ್ಲ.

1959ರ ಶಸ್ತ್ರಾಸ್ತ್ರ ಕಾಯ್ದೆಯ 21ನೇ ಕಲಮಿನಂತೆ, ಲೈಸೆನ್ಸುದಾರರು ತೀರಿಕೊಂಡ ಬಳಿಕ ಕೋವಿಯನ್ನು ತಡಮಾಡದೆ ಠಾಣೆಯಲ್ಲಾಗಲಿ ಪರವಾನಗಿ ಪಡೆದ ವ್ಯಾಪಾರಿಯಲ್ಲಾಗಲಿ ಠೇವಣಿ ಇಟ್ಟು ರಸೀದಿ ಪಡೆಯಬೇಕು. ಆಮೇಲೆ ಮರಣ ಪತ್ರ, ಹಳೆಯ ಲೈಸೆನ್ಸ್, ಉಳಿದ ವಾರಸುದಾರರ ಒಪ್ಪಿಗೆ ಇವುಗಳೊಂದಿಗೆ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಹಾಕಬಹುದು. ಅಜ್ಜ ಇನ್ನೂ ಇದ್ದಾರಾದರೆ ದಾರಿ ಸುಲಭ: 2016ರ ನಿಯಮಗಳಂತೆ 70 ವರ್ಷ ದಾಟಿದವರು, ಅಥವಾ 25 ವರ್ಷ ಕೋವಿ ಇಟ್ಟುಕೊಂಡವರು, ತಾವು ಸೂಚಿಸಿದ ವಾರಸುದಾರರಿಗೆ ಅದನ್ನು ವರ್ಗಾಯಿಸಲು ಕೇಳಿಕೊಳ್ಳಬಹುದು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿಯ ಹಿಡುವಳಿದಾರರಿಗೂ ಲೈಸೆನ್ಸಿನಿಂದ 2029ರವರೆಗೆ ವಿನಾಯಿತಿ ಇರುವುದರಿಂದ ಅಲ್ಲಿಯ ಕ್ರಮವೇ ಬೇರೆ.

ಹಳೆಯ ಲೈಸೆನ್ಸ್ ಪುಸ್ತಕವನ್ನು ಕಚೇರಿಗೆ ಕೊಡುವ ಮುನ್ನ ಪ್ರತಿ ಪುಟದ ಫೋಟೊ ತೆಗೆದಿಟ್ಟುಕೊಳ್ಳಿ. ನನ್ನ ದೃಷ್ಟಿಯಲ್ಲಿ ಕೋವಿಗಿಂತ ಬೆಲೆಬಾಳುವುದು ಅದು. ಯಾವ ವರ್ಷ ನವೀಕರಣವಾಯಿತು, ಎಷ್ಟು ತೋಟಾ ಕೊಂಡರು ಎಂಬುದೆಲ್ಲ ಮೊಹರು, ಸಹಿಗಳ ಸಮೇತ ಅದರಲ್ಲಿರುತ್ತದೆ. ಆ ತಾರೀಖುಗಳನ್ನು ಮುಂದಿಟ್ಟುಕೊಂಡು ಅಜ್ಜಿಯನ್ನೋ ದೊಡ್ಡಪ್ಪನನ್ನೋ ಕೇಳಿದರೆ, ಸುಮ್ಮನೆ ಕೇಳಿದಾಗ ಬಾರದ ನೆನಪುಗಳು ಬರುತ್ತವೆ. ಶಿಕಾರಿಯ ಕಥೆಗಳನ್ನು ತಿದ್ದದೆ ಬರೆದುಕೊಳ್ಳಿ. 1972ರ ವನ್ಯಜೀವಿ ಕಾಯ್ದೆಗೆ ಹಿಂದಿನದು ಯಾವುದು, ಮುಂದಿನದು ಯಾವುದು ಎಂಬುದನ್ನು ಮಾತ್ರ ಗುರುತಿಸಿಡಿ.

ಲೈಸೆನ್ಸ್ ಸಿಕ್ಕರೂ ಹಳೆಯ ನಳಿಗೆಯಲ್ಲಿ ಈಗಿನ ತೋಟಾ ಹೊಡೆಯುವ ಮೊದಲು ಕೋವಿ ರಿಪೇರಿ ಬಲ್ಲವರಿಗೆ ತೋರಿಸಲೇಬೇಕು. ತುಕ್ಕನ್ನು ಉಪ್ಪುಕಾಗದದಿಂದ ಉಜ್ಜಿದರೆ ನಳಿಗೆಯ ಮೇಲಿನ ನಂಬರು, ಮುದ್ರೆಗಳು ಅಳಿಸಿಹೋಗುತ್ತವೆ. ತೆಳುವಾಗಿ ಎಣ್ಣೆ ಹಚ್ಚಿ ಮೆತ್ತನೆಯ ಬಟ್ಟೆಯಲ್ಲಿ ಒರೆಸಿದರೆ ಸಾಕು. ಚರ್ಮದ ಚೀಲ ತೇವ ಹೀರುವುದರಿಂದ ಮಳೆಗಾಲದಲ್ಲಿ ಅದರೊಳಗೆ ಇಡಬಾರದು. ಮನೆಯಲ್ಲಿ ಯಾರಿಗೂ ಲೈಸೆನ್ಸ್ ಬೇಡವಾದರೆ, ಮಾರಾಟಕ್ಕೆ ಅನುಮತಿ ಕೇಳಿ ಅಧಿಕೃತ ವ್ಯಾಪಾರಿಗೆ ಕೊಟ್ಟು, ಹೆಗಲ ಪಟ್ಟಿಯನ್ನು ಮಾತ್ರ ಮನೆಯಲ್ಲಿ ಇಟ್ಟುಕೊಳ್ಳಬಹುದು.