ಹೊದಿಗೆರೆಯಿಂದ ಬಂದ ಕಾರ್ಡು

ನಮ್ಮ ಕಡೆ ಡಿಜೆ ಅಂದರೆ ಗಣಪತಿ ಮೆರವಣಿಗೆಯಲ್ಲಿ ಎದೆ ನಡುಗಿಸುವ ಸ್ಪೀಕರ್ ಗಾಡಿ. ರೇಡಿಯೋದಲ್ಲಿ ಹಾಡು ಹಾಕಿ ಮಾತಾಡುವವರಿಗೇ ಮೊದಲು ಆ ಹೆಸರು ಇದ್ದದ್ದು ಅಂದರೆ ಹುಡುಗರು ನಂಬುವುದಿಲ್ಲ. ನಾನು ಕೆಲವು ವರ್ಷ ಆ ಕೆಲಸ ಮಾಡಿದ್ದೇನೆ. ಚಿತ್ರದುರ್ಗ ಆಕಾಶವಾಣಿ, 102.6. ಕ್ಯಾಷುಯಲ್ ಅನೌನ್ಸರ್. ತಿಂಗಳಿಗೆ ಆರು ಡ್ಯೂಟಿ ಸಿಗುತ್ತಿತ್ತು. ಬೆಳಗಿನ ಡ್ಯೂಟಿ ಇದ್ದರೆ ಹಿಂದಿನ ಸಂಜೆಯೇ ಭರಮಸಾಗರದಿಂದ ದುರ್ಗಕ್ಕೆ ಬಂದು ಚಿಕ್ಕಮ್ಮನ ಮನೆಯಲ್ಲಿ ಮಲಗುತ್ತಿದ್ದೆ.

ಆಡಿಷನ್‌ನಲ್ಲಿ ಪಾಸಾದಾಗ ನನ್ನ ದನಿ ಚೆನ್ನಾಗಿದೆ, ಅಷ್ಟು ಸಾಕು ಅಂದುಕೊಂಡಿದ್ದೆ. ನನಗೆ ಕಲಿಸಿದ ಹಿರಿಯ ಉದ್ಘೋಷಕಿ (ನಾವೆಲ್ಲ ಅವರನ್ನು ಅಕ್ಕ ಅಂತಲೇ ಕರೆಯುತ್ತಿದ್ದೆವು) ಮೊದಲ ದಿನ ದನಿಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಕಾಗದ ಹಿಡಿಯುವುದು ಹೇಗೆ ಅಂತ ತೋರಿಸಿದರು. ಹಾಳೆಗಳನ್ನು ಪಿನ್ ಮಾಡಬಾರದು, ಬಿಡಿಬಿಡಿಯಾಗಿ ಇಟ್ಟುಕೊಂಡು ಮೆಲ್ಲಗೆ ಪಕ್ಕಕ್ಕೆ ಜಾರಿಸಬೇಕು, ಇಲ್ಲದಿದ್ದರೆ ಹಾಳೆ ತಿರುವಿದ ಸದ್ದು ಚಳ್ಳಕೆರೆಯಲ್ಲಿ ಶೇಂಗಾ ಬಿಡಿಸುವವರಿಗೂ ಕೇಳುತ್ತದೆ. ಮೈಕಿಗೆ ನೇರ ಮುಖ ಕೊಟ್ಟು ‘ಪ’ ಅಂದರೆ ಉಸಿರು ಬಂದು ಬಡಿಯುತ್ತದೆ, ಸ್ವಲ್ಪ ಓರೆಯಾಗಿ ಕೂರಬೇಕು. ಹಾಡಿನ ಮುಂದಿನ ವಾದ್ಯದ ಮೇಲೆ ಮಾತಾಡಬಹುದು, ಆದರೆ ಹಾಡುವವರು ಬಾಯಿ ತೆರೆಯುವ ಮುಂಚೆ ನಾವು ಮುಗಿಸಿರಬೇಕು. ಸದ್ದು ಏರಿಸಿ ಇಳಿಸುವ ಫೇಡರ್ ಮೇಲೆ ಬೆರಳು, ಗಡಿಯಾರದ ಮೇಲೆ ಕಣ್ಣು. ಇದೆಲ್ಲ ಒಂದೆರಡು ತಿಂಗಳಲ್ಲಿ ಕೈಗೆ ಬಂತು.

ಕೈಗೆ ಬರದಿದ್ದದ್ದು ಊರಿನ ಹೆಸರು.

ಒಂದು ದಿನ ಕೋರಿಕೆ ಹಾಡುಗಳ ಪತ್ರ ಓದುತ್ತಿದ್ದೆ. ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಿಂದ ಬಂದ ಕಾರ್ಡು. ಅಕ್ಷರ ಸ್ವಲ್ಪ ಒತ್ತೊತ್ತಾಗಿತ್ತು. ನಾನು ಮುಂಚೆ ಓದಿಕೊಂಡಿರಲಿಲ್ಲ. ನೇರವಾಗಿ ‘ಹದಿಕೆರೆ’ ಅಂತ ಓದಿ, ಹಾಡು ಹಾಕಿ ಮುಂದಕ್ಕೆ ಹೋದೆ. ಮುಂದಿನ ವಾರ ಅದೇ ಕೈಬರಹದ ಇನ್ನೊಂದು ಕಾರ್ಡು ಬಂತು. ಬೈಗುಳ ಇರಲಿಲ್ಲ. ನಮ್ಮದು ಹೊದಿಗೆರೆ ಅಮ್ಮ, ಶಿವಾಜಿ ಮಹಾರಾಜರ ತಂದೆ ಷಹಾಜಿಯ ಸಮಾಧಿ ಇರುವ ಊರು, ಹದಿಕೆರೆ ತರೀಕೆರೆ ಕಡೆಯದು, ಹಾಡು ಬರುತ್ತದೆ ಅಂತ ಅಕ್ಕಪಕ್ಕದ ಮನೆಯವರನ್ನೆಲ್ಲ ಕರೆದು ಕೂರಿಸಿಕೊಂಡಿದ್ದೆವು, ಅಷ್ಟೇ. ಹೀಗೆ ಬರೆದಿದ್ದರು. ನನಗೆ ಅವತ್ತು ಊಟ ಸೇರಲಿಲ್ಲ.

ಅಕ್ಕನಿಗೆ ಕಾರ್ಡು ತೋರಿಸಿದೆ. ಅವರು ತಮ್ಮ ಬ್ಯಾಗಿನಿಂದ ಒಂದು ಹಳೇ ನೋಟ್‌ಬುಕ್ ತೆಗೆದರು. ಅದರ ತುಂಬ ಊರುಗಳು. ಮಾಯಕೊಂಡ, ಆನಗೋಡು, ತುರುವನೂರು, ಐಮಂಗಲ, ಪರಶುರಾಂಪುರ, ಜವನಗೊಂಡನಹಳ್ಳಿ. ಪ್ರತಿ ಊರಿನ ಮುಂದೆ ತಾಲ್ಲೂಕು, ಜನ ಬಾಯಲ್ಲಿ ಹೇಗೆ ಹೇಳುತ್ತಾರೆ, ಹತ್ತಿರದಲ್ಲಿ ಕೆರೆಯೋ ಗುಡ್ಡವೋ ರೈಲ್ವೆ ಸ್ಟೇಷನ್ನೋ ಏನಿದೆ ಅಂತ. ಪತ್ರ ಬಂದಾಗೆಲ್ಲ ಬರೆದುಕೊಂಡದ್ದು. 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆ ಆದಾಗ ಜಿಲ್ಲೆ ಹೆಸರುಗಳನ್ನು ಹೊಡೆದು ಮತ್ತೆ ತಿದ್ದಿದ್ದರು. ಅದನ್ನು ನೋಡಿ ನಾನೂ ಒಂದು ಪುಸ್ತಕ ಶುರು ಮಾಡಿದೆ. ಅಲ್ಲಿಂದ ಡ್ಯೂಟಿಗೆ ಅರ್ಧ ಗಂಟೆ ಮುಂಚೆ ಹೋಗಿ ಪತ್ರಗಳನ್ನೆಲ್ಲ ಒಂದು ಸಲ ಜೋರಾಗಿ ಓದಿಕೊಳ್ಳುತ್ತಿದ್ದೆ. ಅನುಮಾನ ಬಂದರೆ ಆ ತಾಲ್ಲೂಕಿನವರು ಯಾರಾದರೂ ಸಿಗುವ ತನಕ ಆ ಪತ್ರ ಹಿಂದಕ್ಕೆ ಇಡುತ್ತಿದ್ದೆ.

ಫೋನ್ ಇನ್ ಬೇರೆಯದೇ ಕಷ್ಟ. ಕರೆ ಮಾಡಿದವರು ಪಕ್ಕದಲ್ಲೇ ರೇಡಿಯೋ ಜೋರಾಗಿ ಇಟ್ಟಿರುತ್ತಾರೆ, ಆ ಸದ್ದು ಫೋನಿನೊಳಗೆ ಹೋಗಿ ಮತ್ತೆ ರೇಡಿಯೋದಲ್ಲೇ ಬಂದು ಕಿರುಚುತ್ತದೆ. ‘ಸ್ವಲ್ಪ ರೇಡಿಯೋ ವಾಲ್ಯೂಮ್ ಕಡಿಮೆ ಮಾಡ್ತೀರಾ’ ಅಂತ ಎಷ್ಟು ಸಾವಿರ ಸಲ ಹೇಳಿದೆನೋ. ಆದರೆ ಅದೇ ಫೋನಿನಲ್ಲಿ ನಮ್ಮ ಜಿಲ್ಲೆ ಪೂರ್ತಿ ಮಾತಾಡುತ್ತಿತ್ತು. 2022ರಲ್ಲಿ ವಾಣಿವಿಲಾಸ ಸಾಗರ (ನಮ್ಮ ಜನರ ಬಾಯಲ್ಲಿ ಮಾರಿಕಣಿವೆ ಅಣೆಕಟ್ಟು) ಕೋಡಿ ಬಿತ್ತಲ್ಲ, 1933ರ ನಂತರ ಮೊದಲ ಸಲ, ಆ ವಾರ ಹಾಡು ಕೇಳುವುದಕ್ಕೆ ಫೋನ್ ಮಾಡಿದವರೂ ಮೊದಲು ಮಾರಿಕಣಿವೆ ವಿಷಯವನ್ನೇ ತೆಗೆಯುತ್ತಿದ್ದರು. ಹಿರಿಯೂರಿನ ಅಜ್ಜ ಒಬ್ಬರು ನಮ್ಮಪ್ಪ ನೋಡಿದ್ದ ನೀರನ್ನು ನಾನೂ ನೋಡಿದೆ ಅಂತ ಹೇಳಿ ಸುಮ್ಮನಾದರು. ನಾನೂ ಸುಮ್ಮನಿದ್ದೆ. ರೇಡಿಯೋದಲ್ಲಿ ನಾಲ್ಕು ಸೆಕೆಂಡ್ ಮೌನ ಅಂದರೆ ಬಹಳ ಜಾಸ್ತಿ. ಆದರೂ ಅವರ ಮಾತಿನ ಮೇಲೆ ಮಾತು ಹಾಕಲು ಮನಸ್ಸು ಬರಲಿಲ್ಲ.

2020ರ ಲಾಕ್‌ಡೌನ್ ಹೊತ್ತಿನಲ್ಲಂತೂ ಎಷ್ಟೋ ಜನ ಹಾಡೇ ಕೇಳುತ್ತಿರಲಿಲ್ಲ. ಯಾವ ಹಾಡು ಬೇಕು ಅಂದರೆ, ನಿಮಗೆ ಇಷ್ಟವಾದದ್ದು ಹಾಕಿ ಅನ್ನುತ್ತಿದ್ದರು. ಮಾತಾಡಲು ಒಬ್ಬರು ಬೇಕಿತ್ತು ಅಷ್ಟೇ.

ಮೊದಲು ಹೇಳಿದ ಡಿಜೆ ಅನ್ನುವ ಹೆಸರಿಗೆ ಬರುತ್ತೇನೆ. 1935ರಲ್ಲಿ ಅಮೆರಿಕದ ರೇಡಿಯೋದಲ್ಲಿ ಮಾರ್ಟಿನ್ ಬ್ಲಾಕ್ ಎಂಬುವರು ಒಂದು ದೊಡ್ಡ ಕೋರ್ಟ್ ವಿಚಾರಣೆಯ ಸುದ್ದಿಗಳ ನಡುವಿನ ಖಾಲಿ ಹೊತ್ತನ್ನು ರೆಕಾರ್ಡ್ ಹಾಕಿ ತುಂಬಿಸಿದರು. ಡಿಸ್ಕ್ ಜಾಕಿ, ಅಂದರೆ ಡಿಜೆ, ಅನ್ನುವ ಹೆಸರು ಹುಟ್ಟಿದ್ದು ಅಂಥ ಕೆಲಸದಿಂದ. ಅದೇ 1935ರಲ್ಲಿ ನಮ್ಮ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ, ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಮೇಷ್ಟ್ರು, ತಮ್ಮ ಮನೆಯಿಂದಲೇ ಪ್ರಸಾರ ಶುರು ಮಾಡಿದರು. ಆಕಾಶವಾಣಿ ಅನ್ನುವ ಹೆಸರು ಬಂದದ್ದು ಅಲ್ಲಿಂದ. ಎರಡೂ ಒಂದೇ ವರ್ಷ ಅಂತ ಗೊತ್ತಾದಾಗ ನನಗೆ ತುಂಬ ಖುಷಿಯಾಗಿತ್ತು. ಅಮೆರಿಕದವರು ಜನವರಿ 20ನ್ನು ರೇಡಿಯೋ ಡಿಜೆಗಳ ದಿನ ಅಂತ ಇಟ್ಟುಕೊಂಡಿದ್ದಾರೆ. ರಾಕ್ ಅಂಡ್ ರೋಲ್ ಹೆಸರನ್ನು ಮನೆಮನೆಗೆ ಮುಟ್ಟಿಸಿದ ಅಲನ್ ಫ್ರೀಡ್ 1965ರಲ್ಲಿ ತೀರಿಕೊಂಡ ದಿನ ಅದು. ಫೆಬ್ರವರಿ 13 ವಿಶ್ವ ರೇಡಿಯೋ ದಿನ.

ಈಗ ನಾನು ದಾವಣಗೆರೆಯಲ್ಲಿದ್ದೇನೆ, ಮೈಕ್ ಬಿಟ್ಟಿದ್ದೇನೆ. ಆ ಎರಡು ದಿನಗಳ ನಡುವೆ ಪ್ರತಿ ವರ್ಷ ರೇಡಿಯೋ ಉದ್ಘೋಷಕರಿಗೆ ಹತ್ತು ಪೋಸ್ಟ್‌ಕಾರ್ಡ್ ಬರೆಯುತ್ತೇನೆ. ಕಾರ್ಡಿಗೆ 50 ಪೈಸೆ. ಸುಮ್ನೆ ‘ಕಾರ್ಯಕ್ರಮ ಚೆನ್ನಾಗಿತ್ತು’ ಅಂತ ಬರೆಯುವುದಿಲ್ಲ. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಮಾತು ಕೇಳಿ ಒಲೆ ಸಣ್ಣ ಮಾಡಿ ನಿಂತೆ ಅಂತ ಬರೆಯುತ್ತೇನೆ. ಒಬ್ಬಳೇ ಗಾಜಿನ ಕೋಣೆಯಲ್ಲಿ ಕೂತಾಗ ಆಚೆ ಯಾರಾದರೂ ಇದ್ದಾರಾ ಅನ್ನಿಸುತ್ತದಲ್ವಾ, ಅದು ನನಗೆ ಚೆನ್ನಾಗಿ ಗೊತ್ತು. ಹೊದಿಗೆರೆಯ ಆ ಕಾರ್ಡು ಇವತ್ತಿಗೂ ನನ್ನ ಪುಸ್ತಕದಲ್ಲಿದೆ.

ನೀವೂ ಬರೆಯಿರಿ. ಉದ್ಘೋಷಕರ ಹೆಸರು ಗೊತ್ತಿಲ್ಲದಿದ್ದರೆ ಕಾರ್ಯಕ್ರಮದ ಹೆಸರು, ದಿನ ಬರೆದರೆ ಸಾಕು. ನಿಮ್ಮ ಊರಿನ ಹೆಸರನ್ನು ಮಾತ್ರ ದುಂಡಗೆ, ಬಿಡಿಸಿ ಬರೆಯಿರಿ.