ಅಡಿಕೆ ಮರಕ್ಕೆ ಕಟ್ಟಿದ ಇಪ್ಪತ್ತು ಮೀಟರ್ ತಂತಿ

ನಮ್ಮೂರು ತೀರ್ಥಹಳ್ಳಿ ಕಡೆ. ಮಳೆ ಜೋರಾಗಿ ಹಿಡಿದರೆ ಟಿವಿಯ ಡಿಶ್ ಕೈಕೊಡುತ್ತದೆ. ಅದೇ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ನನ್ನ ಹ್ಯಾಮ್ ರೇಡಿಯೋದಲ್ಲಿ (ಲೈಸೆನ್ಸ್ ಪಡೆದು ಹವ್ಯಾಸಕ್ಕೆ ಮಾತಾಡುವ ರೇಡಿಯೋ) ಬೆಂಗಳೂರಿನವರೊಬ್ಬರು ಆರಾಮಾಗಿ ಮಾತಾಡುತ್ತಿರುತ್ತಾರೆ. (ಗುಡುಗು ಇದ್ದರೆ ಮಾತ್ರ ಇಲ್ಲ. ಆಗ ಆಂಟೆನಾ ಕೇಬಲ್ ಕಿತ್ತು ಹೊರಗಿಡುತ್ತೇನೆ.) ಡಿಶ್‌ಗೆ ಬರುವುದು ಕೆಯು ಬ್ಯಾಂಡ್ ಎಂಬ ಆವರ್ತನದ ಪಟ್ಟಿ, 11-12 ಗಿಗಾಹರ್ಟ್ಸ್ ಆಸುಪಾಸು. ಅಲೆಯ ಉದ್ದ ಎರಡೂವರೆ ಸೆಂಟಿಮೀಟರ್ ಅಷ್ಟೇ. ಜೋರು ಮಳೆ ಅದನ್ನು ದಾರಿಯಲ್ಲೇ ನುಂಗುತ್ತದೆ. ನನ್ನದು 7 ಮೆಗಾಹರ್ಟ್ಸ್, ಅಲೆ 40 ಮೀಟರಿಗಿಂತ ಉದ್ದ. ಅದಕ್ಕೆ ಮಳೆ ಹನಿ ಲೆಕ್ಕಕ್ಕೇ ಇಲ್ಲ.

ಬ್ಯಾಂಡ್ ಅಂದರೆ ನನಗೆ ಮೊದಲು ನೆನಪಾಗುವುದು ಉದ್ದ. ಕಲಿತದ್ದೇ ಟೇಪ್ ಹಿಡಿದು ಅಳೆಯುತ್ತಾ.

ಲೈಸೆನ್ಸ್ ಬಂದಾಗ ಕೈಯಲ್ಲಿದ್ದದ್ದು 145 ಮೆಗಾಹರ್ಟ್ಸ್‌ನ ಪುಟ್ಟ ಸೆಟ್. ಅದರ ಕಾಲು ಅಲೆ ಅಂದರೆ ಅರ್ಧ ಮೀಟರ್ ಕಡ್ಡಿ. ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು, ಆದರೆ ಐದು ಕಿಲೋಮೀಟರ್ ದೂರದ ಗೆಳೆಯನನ್ನು ಮುಟ್ಟಲಿಲ್ಲ. ನಡುವೆ ಗುಡ್ಡ. ಈ ಬ್ಯಾಂಡ್ ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಹೋಗುತ್ತದೆ, ಗುಡ್ಡ ಹತ್ತಿ ಇಳಿಯುವುದಿಲ್ಲ. 7 ಮೆಗಾಹರ್ಟ್ಸ್ ಹಾಗಲ್ಲ. ಮೇಲೆ ಹೋಗಿ, ಅಯಾನುಗೋಳದಿಂದ (ವಾತಾವರಣದ ಮೇಲಿನ ವಿದ್ಯುದಾವೇಶದ ಪದರ) ಬಾಗಿ ಕೆಳಗಿಳಿಯುತ್ತದೆ. ಗುಡ್ಡದ ಹಂಗೇ ಇಲ್ಲ. ಸರಿ, ಡೈಪೋಲ್ ಕಟ್ಟೋಣ ಅಂತ ಹೊರಟೆ. ಅಂದರೆ ನಡುವೆ ಕೇಬಲ್ ಸೇರಿಸಿ ಎರಡೂ ಬದಿಗೆ ಎಳೆದ ತಂತಿಯ ಆಂಟೆನಾ.

ಲೆಕ್ಕ ಸುಲಭ. 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ತಂತಿಯ ಉದ್ದ ಮೀಟರಿನಲ್ಲಿ ಸಿಗುತ್ತದೆ. 7.1ಕ್ಕೆ 20 ಮೀಟರ್ 14 ಸೆಂಟಿಮೀಟರ್. ಒಂದೊಂದು ಬದಿಗೆ ಹತ್ತು ಮೀಟರ್ ಚಿಲ್ಲರೆ. ನಾನು ಬೇಕೆಂದೇ 10.40 ಮೀಟರ್ ಬಿಟ್ಟೆ. ಉದ್ದ ಇದ್ದರೆ ಕತ್ತರಿಸಬಹುದು, ಗಿಡ್ಡ ಆದರೆ ಬೆಸುಗೆ ಹಾಕುತ್ತಾ ಕೂರಬೇಕು.

ಕಂಬಕ್ಕೇನು, ಅಡಿಕೆ ಮರ ಇದ್ದೇ ಇತ್ತು. ಅಡಿಕೆ ಗೊನೆ ಕೊಯ್ಯುವ ಉದ್ದ ಕೋಲು, ಅಂದರೆ ದೋಟಿಯ ತುದಿಗೆ ನೈಲಾನ್ ಹಗ್ಗ ಸಿಕ್ಕಿಸಿ ಎತ್ತಿದೆವು. ಈಗಿನ ದೋಟಿ ಕಾರ್ಬನ್ ಫೈಬರ್‌ನದ್ದು, ಕರೆಂಟ್ ಹರಿಯುತ್ತದೆ. ವಿದ್ಯುತ್ ತಂತಿ ಹತ್ತಿರ ಇರುವ ಕಡೆ ದಯವಿಟ್ಟು ಈ ಸಾಹಸ ಬೇಡ. ಪಕ್ಕದ ತೋಟದ ಅಣ್ಣ ಬೇಲಿ ಆಚೆಯಿಂದ, "ಎಂತ ಮಾರಾಯ, ಬಟ್ಟೆ ಒಣಗಿಸೋಕೆ ಇಷ್ಟೆತ್ತರ ತಂತಿನಾ?" ಅಂದರು.

ಆಂಟೆನಾ ಮೀಟರ್ ಹಾಕಿ ನೋಡಿದರೆ ತಂತಿ ಸರಿಹೊಂದಿದ್ದು 7.1ಕ್ಕಲ್ಲ, 6.87 ಮೆಗಾಹರ್ಟ್ಸ್‌ಗೆ. ಎರಡೂ ಬದಿ ಸ್ವಲ್ಪ ಸ್ವಲ್ಪವೇ ಮಡಚಿ ತಿರುಚಿದೆ, ಕತ್ತರಿಸಲಿಲ್ಲ. ಒಂದೊಂದು ಬದಿಗೆ ಒಂದು ಗೇಣು ದಾಟಿ ನಾಲ್ಕು ಬೆರಳು ಮಡಚುವಷ್ಟರಲ್ಲಿ 7.1ಕ್ಕೆ ಬಂತು. ಅವತ್ತೇ ಸಂಜೆ ಗುಡ್ಡದಾಚೆಯ ಗೆಳೆಯ ಸಿಕ್ಕ. ಐದು ಕಿಲೋಮೀಟರ್ ಮಾತಿಗೆ ನಮ್ಮ ದನಿ ಇನ್ನೂರು ಮುನ್ನೂರು ಕಿಲೋಮೀಟರ್ ಮೇಲೆ ಹೋಗಿ ಬಂತು!

ಆಮೇಲೆ ರೇಡಿಯೋದಲ್ಲಿ ಶುರುವಾಯಿತು ಟಿಕ್, ಟಿಕ್, ಟಿಕ್. ಹಗಲೂ ರಾತ್ರಿ, ಸೆಕೆಂಡಿಗೊಂದು. ನಾನು ಜಾಣನ ಹಾಗೆ ರಾಡಾರ್ ಅಂದುಕೊಂಡೆ. ಹ್ಯಾಮ್‌ಗಳ ನಡುವೆ ಒಂದು ಹಳೇ ಕತೆ ಇದೆ: 1976ರಿಂದ ಸೋವಿಯತ್ ಒಕ್ಕೂಟದ ಡುಗಾ ರಾಡಾರ್ ಸೆಕೆಂಡಿಗೆ ಹತ್ತು ಸಲ ಟಕಟಕ ಎನ್ನುತ್ತಾ ಇಡೀ ಜಗತ್ತಿನ ಶಾರ್ಟ್‌ವೇವ್ ಕೆಡಿಸಿತ್ತು. ಮರಕುಟಿಗ ಅಂತಲೇ ಅದರ ಅಡ್ಡಹೆಸರು. ಅದು ನಿಂತು ಎಷ್ಟೋ ವರ್ಷವಾಯಿತು, ಆದರೂ ನನಗೆ ಇದು ಅದರ ಮರಿಯೇ ಇರಬೇಕು ಅನ್ನಿಸಿತು. ಕೊನೆಗೆ ಬ್ಯಾಟರಿ ರೇಡಿಯೋ ಹಿಡಿದು ತೋಟ ಸುತ್ತಿದೆ. ಹೋದಹೋದಂತೆ ಸದ್ದು ಜೋರಾದದ್ದು ಅಣ್ಣನ ಸೋಲಾರ್ ಬೇಲಿ ಹತ್ತಿರ. ಕಾಡುಹಂದಿಗೆ ಹಾಕಿದ್ದು. ಹಸಿ ಕಳೆ ತಂತಿಗೆ ತಾಗಿ ಸಣ್ಣ ಕಿಡಿ ಹಾರುತ್ತಿತ್ತು. ಅಣ್ಣ ಕತ್ತಿ ತಂದು ಸವರಿದರು, ಸದ್ದು ಬಹುಪಾಲು ಹೋಯಿತು. ಬೇಲಿಗೂ ಒಳ್ಳೆಯದೇ ಆಯಿತು ಅಲ್ವಾ, ಶಾಕ್ ಸುಮ್ನೆ ಮಣ್ಣುಪಾಲಾಗುತ್ತಿತ್ತು.

ನಿಜವಾದ ರಾಡಾರ್ ಸಿಕ್ಕಿದ್ದು ಆಮೇಲೆ, 14 ಮೆಗಾಹರ್ಟ್ಸ್‌ನಲ್ಲಿ. ಅದು ಟಿಕ್ ಅನ್ನುವುದಿಲ್ಲ, ಟರ್ರ್ ಅಂತ ಕೊರೆಯುತ್ತದೆ. ಹತ್ತಾರು ಕಿಲೋಹರ್ಟ್ಸ್ ಅಗಲಕ್ಕೆ ಹರಡಿಕೊಂಡು ಕೂರುತ್ತದೆ, ಇದ್ದಕ್ಕಿದ್ದಂತೆ ಜಾಗ ಬದಲಿಸುತ್ತದೆ. ನಮ್ಮ ಮಾತು ಗುಡ್ಡ ದಾಟಿದ ಉಪಾಯವೇ ಅದರದ್ದೂ: ಅಲೆಯನ್ನು ಮೇಲಿಂದ ಬಾಗಿಸಿ ಕ್ಷಿತಿಜದಾಚೆ ನೋಡುವುದು. ಎಲ್ಲ ರಾಡಾರ್‌ಗೂ ಈ ಬ್ಯಾಂಡ್ ಬೇಕಿಲ್ಲ. ಮಳೆ ನೋಡುವ ಎಸ್ ಬ್ಯಾಂಡ್ ರಾಡಾರ್‌ಗೆ 10 ಸೆಂಟಿಮೀಟರ್ ಅಲೆ ಸಾಕು. 2025ರ ಜುಲೈನಲ್ಲಿ ಶ್ರೀಹರಿಕೋಟಾದಿಂದ ಹಾರಿದ, ರಾಡಾರ್‌ನಿಂದ ಭೂಮಿಯನ್ನು ನೋಡುವ ನೈಸಾರ್ ಉಪಗ್ರಹದ ಎಲ್ ಬ್ಯಾಂಡ್ 24 ಸೆಂಟಿಮೀಟರ್. ಅದು ಮರದ ಎಲೆಗಳ ನಡುವೆ ನುಸುಳಿ ಕೆಳಗಿನದ್ದನ್ನೂ ನೋಡುತ್ತದೆ.

ಟರ್ರ್ ಬಂದಾಗ ನಾನು ಡಯಲ್ ತಿರುಗಿಸಿ ಪಕ್ಕಕ್ಕೆ ಸರಿಯುತ್ತೇನೆ. ಅಲ್ಲಿಗೂ ಬಂದರೆ ರೇಡಿಯೋ ಆರಿಸಿ ಊಟಕ್ಕೆ ಏಳುತ್ತೇನೆ.